ಅಣಶಿಯ ಬೇರು, ಬೆಳಗಾವಿಯ ಪರೀಕ್ಷೆ

ಔಷಧೀಯ ಸಸ್ಯಗಳ ಕುರಿತು ಎಲ್ಲಿಯಾದರೂ ವಿಚಾರಸಂಕಿರಣ ನಡೆದರೆ, ಮರುದಿನದ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಕಾಣಿಸಿಕೊಳ್ಳುವುದು ವಾಡಿಕೆಯಾಗಿದೆ. ಪಶ್ಚಿಮ ಘಟ್ಟದ ಇಂಥ ಮರದ ತೊಗಟೆಯಲ್ಲಿ ಕ್ಯಾನ್ಸರ್ ಗುಣಪಡಿಸುವ ಶಕ್ತಿ ಇದೆಯೆಂದೋ, ಇಂಥ ಬೇರಿನಿಂದ ಮಧುಮೇಹ ಹತೋಟಿಗೆ ಬರುವುದೆಂದೋ ಆ ಸುದ್ದಿ ಸಾರುತ್ತದೆ. ಹಿಂದೆ ಭಕ್ತರು ಆ ತುಣುಕನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ನಮ್ಮ ಬಳಿಗೆ ಬರುತ್ತಿದ್ದರು. ಈಗ ಮೊಬೈಲು ತೆರೆದು ತೋರಿಸುತ್ತಾರೆ. ‘ಸಂಶೋಧನೆಯೇ ಆಗಿದೆಯಂತಲ್ಲ, ಇನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದಲ್ಲವೇ?’ ಎಂಬುದೇ ಅವರೆಲ್ಲರ ಪ್ರಶ್ನೆ.

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎಂದು ಉತ್ತರಿಸಲಾಗದು. ಕಾಡಿನಲ್ಲಿ ಬೆಳೆದ ಸಸ್ಯವೊಂದು ರೋಗಿಯ ಬಾಯಿಗೆ ಔಷಧವಾಗಿ ತಲುಪುವವರೆಗೆ ಏರಬೇಕಾದ ಮೆಟ್ಟಿಲುಗಳು ಹಲವು ಇವೆ. ಸುದ್ದಿಯಾಗುವುದು ಬಹುತೇಕ ಮೊದಲ ಅಥವಾ ಎರಡನೆಯ ಮೆಟ್ಟಿಲಿನ ಸಂಗತಿ. ನಾವು ಓದಿಕೊಳ್ಳುವುದು ಮಾತ್ರ ಕೊನೆಯ ಮೆಟ್ಟಿಲಿನ ಸಂಗತಿಯೆಂದು. ಈ ನಡುವಿನ ಅಂತರವನ್ನು ಅರಿಯದೆ ಮೂತ್ರಪಿಂಡ ಕಳೆದುಕೊಂಡವರೂ, ಸಕಾಲದಲ್ಲಿ ದೊರೆಯಬಹುದಾಗಿದ್ದ ಚಿಕಿತ್ಸೆ ಕಳೆದುಕೊಂಡವರೂ ಇದ್ದಾರೆ. ಆದುದರಿಂದ ನಮ್ಮ ನೆರೆಯಲ್ಲಿಯೇ ಇರುವ ಸಂಶೋಧನಾ ಸಂಸ್ಥೆಯೊಂದನ್ನು ಮುಂದಿಟ್ಟುಕೊಂಡು, ಆ ಮೆಟ್ಟಿಲುಗಳನ್ನು ಒಂದೊಂದಾಗಿ ಪರಿಚಯಿಸುವುದು ಈ ತಿಂಗಳ ಬರಹದ ಉದ್ದೇಶ.

ಕಾಡು ಮತ್ತು ಅದರ ಅರಿವು

ಜೋಯಿಡಾ ತಾಲ್ಲೂಕಿನ ಅಣಶಿಯು ಮಳೆಗೂ ಮರಗಳಿಗೂ ಹೆಸರಾದ ಸೀಮೆ. ಕಾರವಾರದಿಂದ ಕದ್ರಾ ದಾಟಿ ಘಟ್ಟವೇರಿದರೆ ಕಾಳಿ ನದಿಯ ಕೊಳ್ಳದ ಆ ದಟ್ಟ ಅರಣ್ಯ ತೆರೆದುಕೊಳ್ಳುತ್ತದೆ. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಂದು ಅದನ್ನು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯುತ್ತೇವೆ. ಕುಣಬಿಯರು, ಗೌಳಿಗರು, ಸಿದ್ದಿಯರು ತಲೆಮಾರುಗಳಿಂದ ಈ ಸೀಮೆಯ ಕಾಡಿನೊಡನೆ ಬದುಕಿದ್ದಾರೆ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸುಗಳ ಮೇಳವನ್ನು ಕಂಡವರಿಗೆ ಮಣ್ಣಿನಡಿಯ ಗೆಡ್ಡೆಗಳ ಬಗ್ಗೆ ಕುಣಬಿ ತಾಯಂದಿರಿಗಿರುವ ಅರಿವು ಎಷ್ಟು ಸೂಕ್ಷ್ಮವಾದುದೆಂಬುದು ತಿಳಿದೇ ಇದೆ.

ಈ ಅರಿವಿನ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಹೊಸತೇನಲ್ಲ. ಉತ್ತರ ಕನ್ನಡದ ಸಿದ್ದಿಯರು ಬಳಸುವ ಔಷಧೀಯ ಸಸ್ಯಗಳನ್ನು ಕುರಿತ ಅಧ್ಯಯನವೊಂದು 1995ರಲ್ಲಿಯೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಅದರ ಹಿಂದಿದ್ದರು. ಗೌಳಿಗರ ಸಸ್ಯಜ್ಞಾನವೂ ಬಳಿಕ ಹೀಗೆಯೇ ದಾಖಲಾಯಿತು.

ನಮ್ಮ ಆಯುರ್ವೇದವೂ ಈ ಜನರನ್ನು ಮರೆತಿಲ್ಲ. ದನಗಾಹಿಗಳು, ಕುರಿಗಾಹಿಗಳು ಮತ್ತು ವನವಾಸಿಗಳು ಗಿಡಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲವರೆಂದು ಚರಕ ಸಂಹಿತೆಯು ಗೌರವದಿಂದ ಹೇಳುತ್ತದೆ. ಅದೇ ಸಂಹಿತೆ ಮುಂದುವರಿದು, ಹೆಸರು ಮತ್ತು ರೂಪ ತಿಳಿದ ಮಾತ್ರಕ್ಕೆ ಔಷಧಜ್ಞಾನ ಪೂರ್ಣವಾಗದು, ಯಾರಿಗೆ, ಯಾವಾಗ, ಎಷ್ಟು, ಹೇಗೆ ಎಂಬ ಯೋಗವನ್ನು ಬಲ್ಲವನೇ ವೈದ್ಯನೆಂಬ ಅಭಿಪ್ರಾಯವನ್ನು ನೀಡುತ್ತದೆ. ಅರಿಯದೆ ಕೊಟ್ಟ ಔಷಧವನ್ನು ಅದು ವಿಷಕ್ಕೂ ಶಸ್ತ್ರಕ್ಕೂ ಬೆಂಕಿಗೂ ಹೋಲಿಸಿದೆ. ಸಸ್ಯವನ್ನು ಬಲ್ಲವರ ಮಾತಿಗೆ ಕಿವಿಗೊಡಬೇಕು, ಆದರೆ ಅಲ್ಲಿಗೇ ನಿಲ್ಲಬಾರದು ಎಂಬುದು ಪ್ರಾಚೀನರ ನಿಲುವು. ಔಷಧವನ್ನು ಪರೀಕ್ಷಿಸುವುದು ಪರಕೀಯರಿಂದ ಬಂದ ಅಭ್ಯಾಸವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಬೆಳಗಾವಿಯ ಸಂಸ್ಥೆ

ಅಣಶಿಯಿಂದ ಜೋಯಿಡಾ, ರಾಮನಗರ, ಖಾನಾಪುರಗಳ ಮಾರ್ಗವಾಗಿ ಬಂದರೆ ಬೆಳಗಾವಿ. ಅಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಒಂದು ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವೆಂಬ ಹೆಸರಿನಿಂದ ಆರಂಭವಾದ ಅದು, ಮುಂದೆ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಾಗಿ ಮಾರ್ಪಟ್ಟಿತು. ಪರಿಷತ್ತಿನ ಹಲವು ಸಂಸ್ಥೆಗಳು ಕ್ಷಯ, ಮಲೇರಿಯಾ, ವೈರಾಣು, ಪೋಷಣೆ ಮುಂತಾದ ಒಂದೊಂದು ವಿಷಯಕ್ಕೆ ಮೀಸಲಾಗಿದ್ದರೆ, ಪಾರಂಪರಿಕ ಔಷಧಗಳನ್ನು ಆಧುನಿಕ ವಿಜ್ಞಾನದ ವಿಧಾನದಿಂದ ಪರಿಶೀಲಿಸುವ ಹೊಣೆ ಬೆಳಗಾವಿಯ ಪಾಲಿಗೆ ಬಂದಿದೆ. ಪಶ್ಚಿಮ ಘಟ್ಟದ ಸಸ್ಯಸಂಪತ್ತು ಇಷ್ಟು ಸಮೀಪದಲ್ಲಿರುವಾಗ ಈ ಊರಿಗೆ ಅದು ತಕ್ಕ ಕೆಲಸವೇ ಸರಿ.

ಬೆಳಗಾವಿ ಸೀಮೆಯ ನಾಟಿ ವೈದ್ಯರ ಪರಿಸ್ಥಿತಿಯನ್ನು ಕುರಿತು ಈ ಸಂಸ್ಥೆಯ ಸಂಶೋಧಕರು 2014ರಲ್ಲಿ ಅಧ್ಯಯನವನ್ನು ಪ್ರಕಟಿಸಿದ್ದಾರೆ. ಗ್ರಂಥಗಳಲ್ಲಿ ಬರೆದಿಡದ, ಬಾಯಿಂದ ಬಾಯಿಗೆ ಬಂದ ವೈದ್ಯವನ್ನು ಹಳ್ಳಿಹಳ್ಳಿಗೆ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸ ಅದು. ನಾಟಿ ವೈದ್ಯರೊಬ್ಬರು ಕಾಲವಾದರೆಂದರೆ ಅವರ ಅನುಭವವೂ ಅವರೊಡನೆ ಮಣ್ಣಾಗುವುದನ್ನು ನಾಲ್ಕು ದಶಕಗಳ ವೃತ್ತಿಯಲ್ಲಿ ನಾವು ಹಲವು ಬಾರಿ ಕಂಡಿದ್ದೇವೆ. ಆದುದರಿಂದ ಮೊದಲು ದಾಖಲಿಸಬೇಕು, ಅನಂತರ ಪರೀಕ್ಷಿಸಬೇಕು. ದಾಖಲೆಯೇ ಇಲ್ಲದ ಮೇಲೆ ಪರೀಕ್ಷಿಸುವುದಾದರೂ ಏನನ್ನು?

ಮೊದಲ ಮೆಟ್ಟಿಲು: ಇದು ಅದೇ ಸಸ್ಯವೇ?

ಸಂಶೋಧನೆಯ ಮೊದಲ ಪ್ರಶ್ನೆ ಬಹಳ ಸರಳವಾದುದು. ಕೈಯಲ್ಲಿರುವ ಸಸ್ಯ ಯಾವುದು? ಹೂವು, ಎಲೆ, ಕಾಯಿ ಸಹಿತ ಸಸ್ಯವನ್ನು ಒಣಗಿಸಿ ಹಾಳೆಗೆ ಅಂಟಿಸಿ, ಎಲ್ಲಿ ಯಾವಾಗ ದೊರೆಯಿತೆಂದು ಬರೆದು, ಸಸ್ಯಸಂಗ್ರಹದಲ್ಲಿ ಕಾಪಿಡುತ್ತಾರೆ. ಇದು ಗುಮಾಸ್ತಿಕೆಯಂತೆ ತೋರಬಹುದು. ಆದರೆ ಹೆಸರಿನ ಗೊಂದಲ ಎಷ್ಟು ದೊಡ್ಡದೆಂಬುದನ್ನು ನಮ್ಮ ಅಡುಗೆಮನೆಯಲ್ಲಿಯೇ ಕಾಣಬಹುದು. ನಮ್ಮ ನಾಡಿನಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆಯುರ್ವೇದ ವಿದ್ವಾಂಸರು ಬ್ರಾಹ್ಮಿಯೆಂದು ಸಾಮಾನ್ಯವಾಗಿ ಗುರುತಿಸುವುದು ನೀರುಬ್ರಾಹ್ಮಿಯನ್ನು. ಒಂದೆಲಗಕ್ಕೆ ಶಾಸ್ತ್ರದಲ್ಲಿ ಮಂಡೂಕಪರ್ಣಿ ಎಂಬ ಹೆಸರಿದೆ. ಎರಡೂ ಒಳ್ಳೆಯ ಸಸ್ಯಗಳೇ, ಆದರೆ ಎರಡೂ ಒಂದೇ ಅಲ್ಲ.

ಅಶೋಕದ ವಿಷಯ ಇದಕ್ಕಿಂತ ಗಂಭೀರವಾದುದು. ಸ್ತ್ರೀಯರ ಅತಿಯಾದ ರಕ್ತಸ್ರಾವಕ್ಕೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದುದು ಸೀತಾ ಅಶೋಕದ ತೊಗಟೆ. ಪಶ್ಚಿಮ ಘಟ್ಟದಲ್ಲಿ ಆ ಮರ ವಿರಳವಾಗುತ್ತ ಬಂದಂತೆ, ರಸ್ತೆಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಅಶೋಕವೆಂದೇ ಜನ ಕರೆಯುವ ಬೇರೊಂದು ಮರದ ತೊಗಟೆ ಮಾರುಕಟ್ಟೆಗೆ ನುಸುಳಿತು. ಒಣಗಿಸಿ ಪುಡಿ ಮಾಡಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಬೆಳಗಾವಿಯ ಸಂಸ್ಥೆಯ ಸಂಶೋಧಕರು ರಾಸಾಯನಿಕ ಗುರುತುಗಳಿಂದಲೂ ಡಿ.ಎನ್.ಎ. ಪರೀಕ್ಷೆಯಿಂದಲೂ ನಿಜವಾದ ಅಶೋಕವನ್ನು ಕಲಬೆರಕೆಯಿಂದ ಗುರುತಿಸುವ ವಿಧಾನಗಳನ್ನು ಪ್ರಕಟಿಸಿದ್ದಾರೆ. ಅದು ಹೊಸ ಔಷಧದ ಸುದ್ದಿಯಲ್ಲವಾದ ಕಾರಣ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದಿಲ್ಲ. ಆದರೆ ಬಾಟಲಿಯಲ್ಲಿರುವುದು ನಿಜವಾಗಿಯೂ ಅಶೋಕವೇ ಎಂಬುದು ಖಚಿತವಾಗದೆ ಅಶೋಕಾರಿಷ್ಟದ ಗುಣಾವಗುಣಗಳನ್ನು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಎರಡನೆಯ ಮೆಟ್ಟಿಲು: ಗಾಜಿನ ತಟ್ಟೆ

ಸಸ್ಯದ ಗುರುತು ಖಚಿತವಾದ ಮೇಲೆ ಅದರ ಸಾರವನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪ್ರಯೋಗಿಸುತ್ತಾರೆ. ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳು ಸತ್ತರೆ ಅದು ಪ್ರಕಟಣೆಗೆ ಯೋಗ್ಯವಾದ ಫಲಿತಾಂಶ. ಪತ್ರಿಕೆಗಳಲ್ಲಿ ‘ಕ್ಯಾನ್ಸರಿಗೆ ಮದ್ದು’ ಎಂದು ಬರುವ ಸುದ್ದಿಗಳಲ್ಲಿ ಬಹುಪಾಲು ಈ ಹಂತಕ್ಕೆ ಸೇರಿದವು. ಆದರೆ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುಗಳು ಅಸಂಖ್ಯ. ಸಾಬೂನಿನ ನೀರೂ ಕೊಲ್ಲುತ್ತದೆ. ರೋಗವನ್ನು ಕೊಂದು ರೋಗಿಯನ್ನು ಉಳಿಸುವುದೇ ಔಷಧದ ಕೆಲಸ, ತಟ್ಟೆಯಲ್ಲಾದರೋ ರೋಗಿಯೇ ಇಲ್ಲ.

ನಮ್ಮ ಘಟ್ಟದಲ್ಲಿಯೇ ಬೆಳೆಯುವ ದುರ್ವಾಸನೆ ಮರದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಮರಾಠಿಯಲ್ಲಿ ಇದನ್ನು ನರಕ್ಯಾ ಎನ್ನುತ್ತಾರೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ ಮೂಲದ ಮನ್ಸುಖ್ ವಾಣಿ ಇವರು ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಕ್ಯಾನ್ಸರ್ ಕೋಶಗಳನ್ನು ತಡೆಯುವ ಶಕ್ತಿ ಇರುವುದನ್ನು ತೋರಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ರಸಾಯನಶಾಸ್ತ್ರಜ್ಞರು ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿ ಇನ್ನೂ ಸಮೃದ್ಧವಾಗಿರುವುದನ್ನು ಕಂಡುಹಿಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಶುಭವಾರ್ತೆಯೇ. ಆದರೆ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವೂ ಸೇರಿದಂತೆ ತೀವ್ರವಾದ ದುಷ್ಪರಿಣಾಮಗಳು ಕಂಡುಬಂದವು. ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಆ ವಸ್ತು ಕೋಶದೊಳಗೆ ಯಾವ ಕಿಣ್ವವನ್ನು ಹಿಡಿಯುತ್ತದೆಂಬುದು 1980ರ ದಶಕದಲ್ಲಿ ತಿಳಿಯಿತು. ಅದರ ರಚನೆಯನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮಾತ್ರೆಯನ್ನು ನಿಖರಗೊಳಿಸಿದ ಮೇಲೆ 1996ರಲ್ಲಿ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಎರಡು ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಇಂದು ಆಸ್ಪತ್ರೆಗಳಲ್ಲಿ ಅವು ಬಳಕೆಯಲ್ಲಿವೆ.

ಮೊದಲ ಪ್ರಕಟಣೆಯಿಂದ ಔಷಧದವರೆಗೆ 30 ವರ್ಷ. ಆ ಔಷಧವನ್ನು ಇಂದಿಗೂ ರಕ್ತದ ಕಣಗಳನ್ನು ಎಣಿಸುತ್ತ, ತಜ್ಞರ ಕಣ್ಣೆದುರಿನಲ್ಲಿ ಕೊಡಬೇಕಾಗುತ್ತದೆ. ಹೀಗಿರುವಾಗ ದುರ್ವಾಸನೆ ಮರದ ತೊಗಟೆಯನ್ನು ಕುದಿಸಿ ಕ್ಯಾನ್ಸರ್ ರೋಗಿಗೆ ಕುಡಿಸುವುದು, ಯಾವ ವಸ್ತುವನ್ನು ವಿಜ್ಞಾನಿಗಳು ವಿಷವೆಂದು ಒಮ್ಮೆ ನಿಲ್ಲಿಸಿದರೋ ಅದನ್ನೇ ಅಳತೆಯಿಲ್ಲದೆ ಕೊಟ್ಟಂತೆ. ಮರದಲ್ಲಿ ಶಕ್ತಿ ಇರುವುದು ನಿಜ, ಆದರೆ ಆ ತೊಗಟೆ ಇನ್ನೂ ಔಷಧವಾಗಿಲ್ಲ.

ಮೂರನೆಯ ಮೆಟ್ಟಿಲು: ಅಪಾಯವಿಲ್ಲವೇ?

ಗಿಡಮೂಲಿಕೆಯಿಂದ ಲಾಭವಾಗದಿದ್ದರೂ ಹಾನಿಯಂತೂ ಇಲ್ಲವೆಂಬ ಮಾತು ನಮ್ಮ ಸಮಾಜದಲ್ಲಿ ಬೇರೂರಿದೆ. ಆಯುರ್ವೇದ ವೈದ್ಯರಾಗಿ ಈ ಮಾತನ್ನು ನಾವು ಒಪ್ಪಲಾರೆವು. ಲಾಭ ಮಾಡುವ ಶಕ್ತಿ ಇರುವ ವಸ್ತುವಿಗೆ ಹಾನಿ ಮಾಡುವ ಶಕ್ತಿಯೂ ಇದ್ದೇ ಇರುತ್ತದೆ.

ಅಣಶಿ ಸೀಮೆಯವರಿಗೆ ಈಶ್ವರಿ ಬಳ್ಳಿಯ ಪರಿಚಯ ಹೇಳಬೇಕಾಗಿಲ್ಲ. ಹಾವು ಕಡಿದಾಗ ಅದರ ಬೇರನ್ನು ತೇಯ್ದು ಕೊಡುವ ರೂಢಿ ನಮ್ಮ ನಾಡಿನ ಬಹುಭಾಗದಲ್ಲಿದೆ. ಈ ಬಳ್ಳಿಯ ಕುಲದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಸ್ತು ಇರುತ್ತದೆ. ಅದು ಏನು ಮಾಡಬಲ್ಲುದೆಂಬುದು ಲೋಕಕ್ಕೆ ತಿಳಿದದ್ದು ಬೆಲ್ಜಿಯಂ ದೇಶದಲ್ಲಿ. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಚಿಕಿತ್ಸೆಗೆಂದು ಚೀನಾದ ಮೂಲಿಕೆಯ ಗುಳಿಗೆಗಳನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಒಂದರ ಹಿಂದೆ ಒಂದಾಗಿ ಸೋಲತೊಡಗಿದವು. ಅಲ್ಲಿನ ವೈದ್ಯರು 1993ರಲ್ಲಿ ಆ ಪ್ರಕರಣಗಳನ್ನು ಪ್ರಕಟಿಸಿದರು. ಮುಂದೆ ಬಾಧಿತರ ಸಂಖ್ಯೆ 100ನ್ನು ಮೀರಿತು. ಹಲವರಿಗೆ ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ ಅನಿವಾರ್ಯವಾಯಿತು. ಕೆಲವರಲ್ಲಿ ಮೂತ್ರನಾಳದ ಕ್ಯಾನ್ಸರೂ ಕಾಣಿಸಿಕೊಂಡಿತು. ಕಾರಣವನ್ನು ಹುಡುಕಿದಾಗ ತಿಳಿದದ್ದೇನೆಂದರೆ, ಗುಳಿಗೆಯಲ್ಲಿರಬೇಕಾದ ಮೂಲಿಕೆಯ ಬದಲಿಗೆ ಚೀನೀ ಭಾಷೆಯಲ್ಲಿ ಅದನ್ನೇ ಹೋಲುವ ಹೆಸರಿನ, ಈಶ್ವರಿ ಬಳ್ಳಿಯ ಕುಲದ ಇನ್ನೊಂದು ಮೂಲಿಕೆ ಸೇರಿಕೊಂಡಿತ್ತು. ಮೊದಲ ಮೆಟ್ಟಿಲಿನಲ್ಲಿ ಆದ ಹೆಸರಿನ ತಪ್ಪು ಎಷ್ಟು ಮನೆಗಳನ್ನು ಮುಟ್ಟಿತೆಂಬುದನ್ನು ಇಲ್ಲಿ ನೋಡಬಹುದು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿ ಇರಿಸಿದೆ.

ಹಾವು ಕಡಿತದ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಬೇರು ತೇಯ್ದು ಕುಡಿದು ಬದುಕಿದವರನ್ನು ಅನೇಕರು ಕಂಡಿರಬಹುದು. ಕಡಿಯುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವೂ ಪ್ರತಿ ಸಲವೂ ವಿಷವನ್ನು ಒಳಸೇರಿಸುವುದಿಲ್ಲ. ಅಂಥವರು ಬೇರು ಕುಡಿಯದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷವೇರಿದವನಿಗೆ ಬೇರು ತೇಯುವ ಹೊತ್ತು ಪ್ರಾಣದ ಹೊತ್ತು. ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ತೀರಿಕೊಂಡಿರಬಹುದೆಂದು ಸಂಶೋಧಕರು ಅಂದಾಜಿಸಿದ್ದಾರೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ. ಕಡಿತಕ್ಕೊಳಗಾದವರನ್ನು ನಡೆಸದೆ, ಗಾಯವನ್ನು ಕೊಯ್ಯದೆ, ಬಿಗಿಯಾಗಿ ಹಗ್ಗ ಕಟ್ಟದೆ, ಆ ಅಂಗವನ್ನು ಅಲುಗಾಡದಂತೆ ಇರಿಸಿ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕಾಡಿನ ನಡುವಿನ ಮನೆಗಳಿಂದ ಆಸ್ಪತ್ರೆ ದೂರವೆಂಬುದು ನಮಗೆ ತಿಳಿದಿದೆ. ದೂರವಿರುವ ಕಾರಣದಿಂದಲೇ ಒಂದು ನಿಮಿಷವನ್ನೂ ಕಳೆಯಬಾರದು.

ಅಪಾಯವು ಸಸ್ಯದಿಂದಲೇ ಬರಬೇಕೆಂದಿಲ್ಲ. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತೆಂದು 2004ರಲ್ಲಿ ಪ್ರಕಟವಾಯಿತು. ಆಗ ನಮ್ಮ ವೃತ್ತಿಬಾಂಧವರಲ್ಲಿ ಅನೇಕರು ಇದನ್ನು ಆಯುರ್ವೇದದ ಮೇಲಿನ ದಾಳಿಯೆಂದು ಸಿಟ್ಟಾದರು. ಆದರೆ ನಿಂದಿಸಿದವರ ಬಾಯಿ ಮುಚ್ಚಿಸುವ ದಾರಿ ಸಿಟ್ಟಲ್ಲ, ಪ್ರತಿ ತಯಾರಿಕೆಯ ಶುದ್ಧತೆಯನ್ನು ಪ್ರಯೋಗಶಾಲೆಯಲ್ಲಿ ತೋರಿಸಿಕೊಡುವುದು ಎಂದು ನಮ್ಮ ಭಾವನೆ.

ನಾಲ್ಕನೆಯ ಮೆಟ್ಟಿಲು: ಮನುಷ್ಯರಲ್ಲಿ ಪರೀಕ್ಷೆ

ತಟ್ಟೆಯನ್ನೂ ಪ್ರಾಣಿಗಳನ್ನೂ ದಾಟಿದ ಔಷಧವು ಕೊನೆಗೆ ಮನುಷ್ಯರಲ್ಲಿ ಪರೀಕ್ಷೆಗೆ ಬರುತ್ತದೆ. ಇದು ಹೇಗೆ ನಡೆಯುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಲೋಕವಿಖ್ಯಾತವಾದ ಒಂದು ಪರೀಕ್ಷೆ ನಡೆದಿದೆ. ಅದು ಮೂಲಿಕೆಯದಲ್ಲ, ಆಧುನಿಕ ಔಷಧದ್ದು. ಆದರೆ ವಿಧಾನವನ್ನು ಅರಿಯಲು ಅದಕ್ಕಿಂತ ಉತ್ತಮ ನಿದರ್ಶನವಿಲ್ಲ.

ಹೆರಿಗೆಯ ಅನಂತರದ ರಕ್ತಸ್ರಾವ ಎಷ್ಟು ತಾಯಂದಿರನ್ನು ಬಲಿ ತೆಗೆದುಕೊಂಡಿದೆಯೆಂಬುದು ಹಿರಿಯರಿಗೆ ಗೊತ್ತು. ಅದನ್ನು ತಡೆಯುವ ಚುಚ್ಚುಮದ್ದನ್ನು ತಂಪಾಗಿ ಕಾಪಿಡಬೇಕು, ಕೊಡಲು ಪಳಗಿದ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯ ದಾದಿಯರೇ ಕೊಟ್ಟರೆ ಸಾಕಾದೀತೇ ಎಂಬುದು ಪ್ರಶ್ನೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ 1,620 ಬಾಣಂತಿಯರಲ್ಲಿ ಇದನ್ನು ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಮಂದಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧರಹಿತ ಗುಳಿಗೆ. ಯಾರಿಗೆ ಯಾವುದು ಎಂಬುದು ತಾಯಿಗೂ ತಿಳಿಯದು, ಕೊಟ್ಟ ದಾದಿಗೂ ತಿಳಿಯದು. ಆಶೆಯಾಗಲಿ ಅಭಿಮಾನವಾಗಲಿ ಫಲಿತಾಂಶವನ್ನು ಬಾಗಿಸಬಾರದೆಂಬುದೇ ಇದರ ಉದ್ದೇಶ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಔಷಧರಹಿತ ಗುಂಪಿನಲ್ಲಿ 100ಕ್ಕೆ 12 ಮಂದಿಗೆ ಅತಿಸ್ರಾವವಾದರೆ, ಔಷಧ ಪಡೆದ ಗುಂಪಿನಲ್ಲಿ ಅದು 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೆಸರು ಕಾಣದ ಆ ಹಳ್ಳಿಯ ತಾಯಂದಿರು ಲೋಕದ ತಾಯಂದಿರಿಗೆ ಮಾಡಿದ ಉಪಕಾರ ಅದು.

ಆಯುರ್ವೇದದಲ್ಲಿ ಪ್ರತಿ ರೋಗಿಯ ಪ್ರಕೃತಿ ನೋಡಿ ಬೇರೆ ಬೇರೆ ಔಷಧ ಕೊಡುವುದರಿಂದ ಇಂಥ ಪರೀಕ್ಷೆ ಅಸಾಧ್ಯವೆಂದು ನಮ್ಮವರು ಹೇಳುವುದುಂಟು. ಕೊಯಮತ್ತೂರಿನಲ್ಲಿ ಆಮವಾತಕ್ಕೆ ಸಮೀಪದ ರೋಗವಾದ ರುಮಟಾಯ್ಡ್ ಸಂಧಿವಾತದ 43 ರೋಗಿಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು ಅದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ವೈದ್ಯರು ರೋಗಿಗೆ ತಕ್ಕಂತೆ ಆಯುರ್ವೇದ ಔಷಧವನ್ನು ಬದಲಿಸುತ್ತಲೇ, ಮೆಥೊಟ್ರೆಕ್ಸೇಟ್ ಎಂಬ ಆಧುನಿಕ ಔಷಧದೊಡನೆ ಹೋಲಿಸಿ ನೋಡಿದರು. ಯಾರಿಗೆ ಯಾವುದೆಂಬುದನ್ನು ಗುಪ್ತವಾಗಿಯೇ ಇಟ್ಟರು. ಮೂರು ಗುಂಪುಗಳ ಫಲಿತಾಂಶಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 43 ಜನರ ಅಧ್ಯಯನದಿಂದ ಜಯಘೋಷ ಮಾಡಲಾಗದು, ಆದರೆ ದಾರಿ ಇದೆಯೆಂಬುದು ಸಿದ್ಧವಾಯಿತು. ಇನ್ನು ಪರೀಕ್ಷೆ ಸಾಧ್ಯವಿಲ್ಲವೆಂಬ ನೆಪ ನಮಗೆ ಉಳಿದಿಲ್ಲ.

ಕಾಡಿನವರ ಪಾಲು

ಈ ಮೆಟ್ಟಿಲುಗಳ ಕೊನೆಯಲ್ಲಿ ಲಾಭ ಬಂದಾಗ ಅದು ಯಾರಿಗೆ ಸೇರಬೇಕು? ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿಯು ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಲ್ಲಿ ಗೆದ್ದದ್ದು ಬರೆದಿಟ್ಟ ಮಾತು. ಬರೆದಿಡದ ಜ್ಞಾನಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿ ಸಿಗುವುದು ಕಷ್ಟ. 2002ರ ಜೈವಿಕ ವೈವಿಧ್ಯ ಕಾಯಿದೆಯು ಸಸ್ಯಸಂಪತ್ತಿನ ಲಾಭದಲ್ಲಿ ಸ್ಥಳೀಯರಿಗೆ ಪಾಲು ಸಲ್ಲಬೇಕೆಂದು ಹೇಳುತ್ತದೆ. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ದಾಖಲಾತಿ ಇರಬೇಕೆಂದೂ ವಿಧಿಸುತ್ತದೆ. ಜೋಯಿಡಾ ಸೀಮೆಯ ಭಕ್ತರು ತಮ್ಮ ಪಂಚಾಯಿತಿಯಲ್ಲಿ ಅದು ಯಾವ ಸ್ಥಿತಿಯಲ್ಲಿದೆಯೆಂದು ವಿಚಾರಿಸಬೇಕು.

ಮರದ ಪಾಲನ್ನೂ ಮರೆಯಬಾರದು. ದುರ್ವಾಸನೆ ಮರಕ್ಕೆ ಬೆಲೆ ಬಂದೊಡನೆ ಅದನ್ನು ಕಡಿದು ಸಾಗಿಸುವವರು ಬಂದರು. ಇಂದು ಅದು ಅಪಾಯಕ್ಕೊಳಗಾದ ಸಸ್ಯಗಳ ಸಾಲಿನಲ್ಲಿದೆ. ಒಂದು ಸಸ್ಯ ಔಷಧವೆಂದು ಸುದ್ದಿಯಾಗುವುದೇ ಅದರ ನಾಶಕ್ಕೆ ನಾಂದಿಯಾದರೆ, ಆ ಸುದ್ದಿಯಿಂದ ಬಂದ ಭಾಗ್ಯವೇನು?

ಸುದ್ದಿಯನ್ನು ಓದುವ ಬಗೆ

ಇಷ್ಟನ್ನು ಅರಿತ ಮೇಲೆ ಸಂಶೋಧನೆಯ ಸುದ್ದಿಯನ್ನು ಓದುವಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸುಲಭ. ಪರೀಕ್ಷೆ ನಡೆದದ್ದು ತಟ್ಟೆಯಲ್ಲಿಯೋ, ಇಲಿಯಲ್ಲಿಯೋ, ಮನುಷ್ಯರಲ್ಲಿಯೋ? ಮನುಷ್ಯರಾದರೆ ಎಷ್ಟು ಮಂದಿ, ಎಷ್ಟು ಕಾಲ? ಹೋಲಿಸಿ ನೋಡಲು ಇನ್ನೊಂದು ಗುಂಪು ಇತ್ತೇ? ಹಾನಿಯ ಬಗ್ಗೆ ಏನು ಹೇಳಿದ್ದಾರೆ? ಹೇಳಿದವರು ಅದನ್ನೇ ಮಾರುವವರೇ? ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ನೋಂದಾಯಿಸುವ ರಾಷ್ಟ್ರೀಯ ದಾಖಲಾತಿಯೊಂದು 2007ರಿಂದ ಇದೆ. ಯಾರು ಬೇಕಾದರೂ ಅದನ್ನು ಶುಲ್ಕವಿಲ್ಲದೆ ನೋಡಬಹುದು. ಓದುಬರಹ ಬಲ್ಲ ಮಕ್ಕಳು ಹಿರಿಯರಿಗೆ ಇದರಲ್ಲಿ ನೆರವಾಗಲಿ.

ಯಾರಾದರೂ ಸಂಶೋಧಕರು ನಿಮ್ಮನ್ನೇ ಪ್ರಯೋಗದಲ್ಲಿ ಭಾಗವಹಿಸಲು ಕೇಳಿದರೆ ಅಂಜಬೇಕಾಗಿಲ್ಲ, ಆತುರವೂ ಬೇಡ. ನಿಮಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸುವುದು ಅವರ ಕರ್ತವ್ಯ. ಒಲ್ಲೆನೆನ್ನುವುದೂ, ನಡುವೆಯೇ ಹೊರಬರುವುದೂ ನಿಮ್ಮ ಹಕ್ಕು. ಹಾಗೆ ಹೊರಬಂದ ಕಾರಣಕ್ಕೆ ನಿಮ್ಮ ಸಾಮಾನ್ಯ ಚಿಕಿತ್ಸೆಗೆ ಕುಂದು ಬರಕೂಡದು.

ಕೊನೆಯದಾಗಿ ನಮ್ಮ ಚಿಕಿತ್ಸಾಲಯದಲ್ಲಿ ದಿನವೂ ಹೇಳುವ ಮಾತನ್ನೇ ಇಲ್ಲಿಯೂ ಹೇಳುತ್ತೇವೆ. ಮಧುಮೇಹದ, ರಕ್ತದೊತ್ತಡದ, ಮೂರ್ಛೆರೋಗದ ಮಾತ್ರೆಗಳನ್ನು ಮೂಲಿಕೆಯ ಭರವಸೆಯಿಂದ ತಾವಾಗಿಯೇ ನಿಲ್ಲಿಸಬೇಡಿರಿ. ಸೇವಿಸುತ್ತಿರುವ ಕಷಾಯ, ಚೂರ್ಣ, ಲೇಹ್ಯ ಯಾವುದೇ ಇರಲಿ, ಅದನ್ನು ನಿಮ್ಮ ವೈದ್ಯರಿಂದ ಮುಚ್ಚಿಡಬೇಡಿರಿ; ಶಸ್ತ್ರಚಿಕಿತ್ಸೆಗೆ ಮುನ್ನವಂತೂ ಹೇಳಲೇಬೇಕು. ಗರ್ಭಿಣಿಯರು ಮತ್ತು ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ಅಪರಿಚಿತ ಬೇರುಗಳನ್ನು ಮುಟ್ಟದಿರಲಿ. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಮದ್ದುಗಳನ್ನು, ಸಸ್ಯದ ಸ್ಥಳೀಯ ಹೆಸರು, ಬಳಸುವ ಭಾಗ, ಮಾಡುವ ವಿಧಾನಗಳ ಸಹಿತ ಒಂದು ನೋಟುಪುಸ್ತಕದಲ್ಲಿ ಈ ವರ್ಷವೇ ಬರೆದಿಡಿರಿ. ಪರೀಕ್ಷಿಸುವ ಪ್ರಯೋಗಶಾಲೆ ಬೆಳಗಾವಿಯಲ್ಲಿದೆ. ಪರೀಕ್ಷಿಸಬೇಕಾದ ಅರಿವು ಅಣಶಿಯಂಥ ಊರುಗಳ ಅಜ್ಜ ಅಜ್ಜಿಯರಲ್ಲಿದೆ. ಅವರು ಇರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.